ಎಂಟು ಸೆಕೆಂಡಿನ ಲೂಪ್‌ನಿಂದ ಐದು ನಿಮಿಷದ ಟ್ರ್ಯಾಕ್: ಡಿಜಿಟಾಕ್ಟ್‌ನಲ್ಲಿ ನಾನು ಜೋಡಿಸುವ ಬಗೆ

ನಮ್ಮ ಮನೆ ಓನರ್ ಆಂಟಿ ಕೆಳಗಿನ ಮನೆಯಲ್ಲಿರುತ್ತಾರೆ. ಒಂದು ಭಾನುವಾರ ಮಧ್ಯಾಹ್ನ ಮೇಲೆ ಬಂದು ಬಾಗಿಲಲ್ಲೇ ನಿಂತು ಕೇಳಿದರು: "ಏನಮ್ಮಾ, ಬೆಳಗ್ಗೆಯಿಂದ ಒಂದೇ ಸಮ ದಬ್ ದಬ್ ಅಂತಿದೆ. ಅದು ಮುಂದಕ್ಕೇ ಹೋಗಲ್ವಾ?"

ಸೌಂಡ್ ಜಾಸ್ತಿ ಆಯ್ತು ಅಂತ ಬೈಯೋಕೆ ಬಂದಿದ್ದಾರೆ ಅಂದುಕೊಂಡಿದ್ದೆ. ಸೌಂಡಿಗೆ ಅವರ ತಕರಾರೇ ಇರಲಿಲ್ಲ. ಹಾಡು ನಿಂತಲ್ಲೇ ನಿಂತಿದೆ ಅನ್ನುವುದು ಅವರ ಬೇಜಾರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಎಂಟು ಸೆಕೆಂಡಿನ ಒಂದು ತುಂಡನ್ನು ನಾಲ್ಕು ಗಂಟೆ ಹೊತ್ತು ತಿರುಗಿಸಿ ತಿರುಗಿಸಿ ಕೇಳುತ್ತ ಕೂತಿದ್ದೆ. ತುಂಡು ಚೆನ್ನಾಗಿಯೇ ಇತ್ತು. ಆದರೆ ನನ್ನ ಹತ್ತಿರ ಅಂಥ ಚೆನ್ನಾಗಿರುವ ತುಂಡುಗಳು ಆಗಲೇ ಮೂವತ್ತು ಚಿಲ್ಲರೆ ಇದ್ದವು. ಪೂರ್ತಿ ಟ್ರ್ಯಾಕ್ ಅನ್ನುವಂಥದ್ದು ಒಂದೂ ಇರಲಿಲ್ಲ.

ಹಾರ್ಡ್‌ವೇರ್ ಸೀಕ್ವೆನ್ಸರ್, ಅಂದರೆ ಸದ್ದುಗಳನ್ನು ಸಾಲಾಗಿ ಜೋಡಿಸಿ ಬಾರಿಸುವ ಪೆಟ್ಟಿಗೆ, ಇಟ್ಟುಕೊಂಡವರಿಗೆಲ್ಲ ಈ ಕಾಯಿಲೆ ಗೊತ್ತು. ಕಂಪ್ಯೂಟರಿನಲ್ಲಿ ಹಾಡು ಮಾಡುವಾಗ ಇಡೀ ಹಾಡು ಎಡದಿಂದ ಬಲಕ್ಕೆ ಚಾಪೆ ಹಾಸಿದ ಹಾಗೆ ಕಾಣುತ್ತದೆ. ಪೆಟ್ಟಿಗೆಯಲ್ಲಿ ಕಾಣುವುದು ಹದಿನಾರು ಬಟನ್, ಒಂದು ಪುಟ್ಟ ಸ್ಕ್ರೀನ್. ಈಗ ಏನು ಬಾರಿಸುತ್ತಿದೆ ಅನ್ನುವುದಷ್ಟೇ ಅದಕ್ಕೆ ಗೊತ್ತು. ಮುಂದಿನ ಮೂರು ನಿಮಿಷ ಏನಾಗಬೇಕು ಅನ್ನುವುದನ್ನು ನಾವೇ ತಲೆಯಲ್ಲೋ ಕಾಗದದಲ್ಲೋ ಇಟ್ಟುಕೊಳ್ಳಬೇಕು. ಆಂಟಿ ಬಂದು ಹೋದ ಮೇಲೆ ನಾನು ಕಲಿತ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೊಂದೇ ದಾರಿ ಅಂತಲ್ಲ. ಆದರೆ ಇದರಲ್ಲಿ ಹೋದರೆ ಟ್ರ್ಯಾಕ್ ಮುಗಿಯುತ್ತದೆ.

ನನ್ನ ಪೆಟ್ಟಿಗೆ ಡಿಜಿಟಾಕ್ಟ್. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಎಲೆಕ್ಟ್ರಾನ್ ಕಂಪನಿಯವರು 2017ರಲ್ಲಿ ತಂದದ್ದು. ಎಂಟು ಆಡಿಯೋ ಟ್ರ್ಯಾಕ್ (ಇಲ್ಲಿ ಟ್ರ್ಯಾಕ್ ಅಂದರೆ ಹಾಡಲ್ಲ, ಒಂದು ವಾದ್ಯದ ಸಾಲು), ಹೊರಗಿನ ಸಿಂಥ್, ಅಂದರೆ ಎಲೆಕ್ಟ್ರಾನಿಕ್ ವಾದ್ಯ, ನುಡಿಸಲು ಎಂಟು ಮಿಡಿ ಟ್ರ್ಯಾಕ್. ಒಂದು ಪ್ಯಾಟರ್ನ್‌ಗೆ, ಅಂದರೆ ಮತ್ತೆ ಮತ್ತೆ ತಿರುಗುವ ಒಂದು ತುಂಡಿಗೆ, ಹೆಚ್ಚೆಂದರೆ 64 ಸ್ಟೆಪ್. ಎ ಯಿಂದ ಎಚ್ ತನಕ ಎಂಟು ಬ್ಯಾಂಕ್, ಒಂದೊಂದರಲ್ಲಿ 16 ಪ್ಯಾಟರ್ನ್, ಅಂದರೆ ಒಂದು ಪ್ರಾಜೆಕ್ಟ್‌ಗೆ 128. 2024ರಲ್ಲಿ ಬಂದ ಎರಡನೇ ಮಾಡೆಲ್‌ನಲ್ಲಿ 16 ಟ್ರ್ಯಾಕ್, 128 ಸ್ಟೆಪ್ ಇವೆ. ನಿಮ್ಮದು ಅದಾಗಿದ್ದರೂ, ಬೇರೆ ಕಂಪನಿಯದ್ದಾಗಿದ್ದರೂ ಬಟನ್ ಬದಲಾಗುತ್ತದೆ, ಲೆಕ್ಕ ಹೆಚ್ಚುಕಮ್ಮಿ ಇದೇ.

ಮೊದಲು ಕಾಗದ

ಟೆಂಪೋ 120 ಬಿಪಿಎಂ, ಅಂದರೆ ನಿಮಿಷಕ್ಕೆ 120 ಬೀಟ್, ಇಡಿ. ಕಲಿಯುವಾಗ ಇದು ಒಳ್ಳೆಯದು, ಯಾಕೆಂದರೆ ಲೆಕ್ಕ ಬಾಯಲ್ಲೇ ಆಗುತ್ತದೆ. 16 ಸ್ಟೆಪ್ ಅಂದರೆ ನಾಲ್ಕು ಬೀಟ್, ಒಂದು ಬಾರ್, ಎರಡು ಸೆಕೆಂಡ್. 64 ಸ್ಟೆಪ್ ಅಂದರೆ ನಾಲ್ಕು ಬಾರ್, ಎಂಟು ಸೆಕೆಂಡ್. ಒಂದು ಪ್ಯಾಟರ್ನ್ ನಲವತ್ತು ಸಲ ತಿರುಗಿದರೆ 320 ಸೆಕೆಂಡ್, ಐದು ನಿಮಿಷ ಇಪ್ಪತ್ತು ಸೆಕೆಂಡ್. ನಮ್ಮ ಟ್ರ್ಯಾಕಿನ ಉದ್ದ ಅಷ್ಟು.

ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು ಹಿಂಬದಿ ತಿರುಗಿಸಿ. ಅಡ್ಡಕ್ಕೆ ನಲವತ್ತು ಮನೆ, ಉದ್ದಕ್ಕೆ ಎಂಟು ಸಾಲು ಎಳೆಯಿರಿ. ಒಂದು ಮನೆ ಅಂದರೆ ಪ್ಯಾಟರ್ನಿನ ಒಂದು ಸುತ್ತು. ಒಂದು ಸಾಲು ಅಂದರೆ ಒಂದು ಟ್ರ್ಯಾಕ್. ಯಾವ ವಾದ್ಯ ಯಾವ ಮನೆಯಲ್ಲಿ ಇರುತ್ತದೋ ಅಲ್ಲಿ ಪೆನ್ಸಿಲ್‌ನಲ್ಲಿ ಬಣ್ಣ ತುಂಬಿ. ಪೆನ್ ಬೇಡ, ಅಳಿಸುವ ಕೆಲಸ ಬಹಳ ಇದೆ.

ಈಗಲೇ ಪೂರ್ತಿ ತುಂಬಬೇಡಿ. ಎರಡು ಗೆರೆ ಮಾತ್ರ ಎಳೆಯಿರಿ. ಹಾಡು ಪೂರ್ತಿ ತುಂಬಿಕೊಳ್ಳುವುದು ಎಲ್ಲಿ ಅನ್ನುವುದಕ್ಕೆ ಹದಿನಾರನೇ ಮನೆ ಮುಗಿದಲ್ಲಿ ಒಂದು. ಕಿಕ್, ಅಂದರೆ ದಬ್ ಅನ್ನುವ ದಪ್ಪ ಡ್ರಮ್, ನಿಂತು ಉಸಿರು ಬಿಡುವುದು ಎಲ್ಲಿ ಅನ್ನುವುದಕ್ಕೆ ಇಪ್ಪತ್ತನಾಲ್ಕನೇ ಮನೆ ಮುಗಿದಲ್ಲಿ ಇನ್ನೊಂದು. ಉಳಿದದ್ದೆಲ್ಲ ಈ ಎರಡು ಜಾಗಕ್ಕೆ ಹೋಗುವ ದಾರಿ, ಬರುವ ದಾರಿ.

ತುಂಬಿದ ಪ್ಯಾಟರ್ನಿಂದ ಶುರು ಮಾಡಿ

ನಾನು ಮೊದಲು ಮಾಡುತ್ತಿದ್ದ ತಪ್ಪು ಎ01ರಿಂದ, ಅಂದರೆ ಎ ಬ್ಯಾಂಕಿನ ಮೊದಲ ಪ್ಯಾಟರ್ನಿಂದ, ಶುರು ಮಾಡುವುದು. ಬರೀ ಕಿಕ್ ಹಾಕಿ, ಆಮೇಲೆ ಎ02ರಲ್ಲಿ ಹ್ಯಾಟ್ (ಟಿಸ್ ಅನ್ನುವ ಸಣ್ಣ ತಾಳದ ಸದ್ದು) ಸೇರಿಸಿ, ಎ03ರಲ್ಲಿ ಬೇಸ್ ಸೇರಿಸಿ ಅಂತ ಹೋದರೆ ಐದನೇ ಪ್ಯಾಟರ್ನ್‌ಗೆ ಬರುವಷ್ಟರಲ್ಲಿ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಸುಮ್ನೆ ಏನೇನೋ ತುರುಕುತ್ತೇವೆ.

ಈಗ ನಾನು ಎ05ರಿಂದ ಶುರು ಮಾಡುತ್ತೇನೆ. ಎಂಟೂ ಟ್ರ್ಯಾಕ್ ಬಾರಿಸುತ್ತಿರುವ, ಹಾಡಿನಲ್ಲೇ ಅತಿ ತುಂಬಿದ ಪ್ಯಾಟರ್ನ್ ಅದು. ಈ ಟ್ರ್ಯಾಕಿನಲ್ಲಿ ನನ್ನ ಎಂಟು ಹೀಗಿದ್ದವು. ಒಂದು, ಕಿಕ್. ಎರಡು, ಕ್ಲ್ಯಾಪ್. ಮೂರು, ಮುಚ್ಚಿದ ಹ್ಯಾಟ್. ನಾಲ್ಕು, ಅಮ್ಮ ಕಾಯಿ ತುರಿಯುವ ಸದ್ದು. ಹೊನ್ನಾವರದ ಮನೆಯ ಅಡುಗೆಮನೆಯಲ್ಲಿ ಫೋನಿನಲ್ಲೇ ಹಿಡಿದದ್ದು. ಅದರಲ್ಲಿ ಎರಡು ಎಳೆತ ಕತ್ತರಿಸಿ ಕೆಳಗಿನ ಫ್ರೀಕ್ವೆನ್ಸಿ ತೆಗೆದರೆ ಅಂಗಡಿಯಲ್ಲಿ ಸಿಗುವ ಯಾವ ಶೇಕರ್‌ಗಿಂತಲೂ ಚೆನ್ನಾಗಿದೆ. ಐದು, ಬೇಸ್. ಆರು, ಚಿಕ್ಕ ಕಾರ್ಡ್ (ಒಟ್ಟಿಗೆ ನುಡಿಯುವ ಕೆಲವು ಸ್ವರ), ತಟಕ್ಕನೆ ಬಂದು ನಿಲ್ಲುವಂಥದ್ದು. ಏಳು, ಮಾವನ ಮದ್ದಳೆಯ ಎರಡು ಪೆಟ್ಟು. ಎಂಟು, ಹಂಚಿನ ಮೇಲೆ ಬೀಳುವ ಮಳೆ. ಈ ಪೆಟ್ಟಿಗೆ ಸ್ಯಾಂಪಲ್‌ಗಳನ್ನು, ಅಂದರೆ ರೆಕಾರ್ಡ್ ಮಾಡಿದ ಸದ್ದಿನ ತುಣುಕುಗಳನ್ನು, ಮೊನೊದಲ್ಲಿ (ಎಡ ಬಲ ಅಂತ ಬೇರೆ ಇಲ್ಲದೆ) ಮಾತ್ರ ನುಡಿಸುತ್ತದೆ. ಮಳೆಗೆ ಅದು ಸ್ವಲ್ಪ ಕೊರತೆಯೇ, ರಿವರ್ಬ್ (ದೊಡ್ಡ ಕೋಣೆಯ ಗುಂಗು) ಹಾಕಿ ಅಗಲ ಮಾಡಿಕೊಂಡೆ.

ಎ05 ಸಿದ್ಧವಾದ ಮೇಲೆ ಕಾಪಿ ಮಾಡುವ ಆತುರ ಬೇಡ. ಇಲ್ಲಿ ನಾನು ಒಂದು ಇಡೀ ಸಂಜೆ ಕಳೆದುಕೊಂಡಿದ್ದೇನೆ. ಡಿಜಿಟಾಕ್ಟ್‌ನಲ್ಲಿ ಪ್ರತಿ ಪ್ಯಾಟರ್ನ್ ತನ್ನ ಸೌಂಡ್ ಸೆಟ್ಟಿಂಗನ್ನು ತಾನೇ ಇಟ್ಟುಕೊಳ್ಳುತ್ತದೆ. ಕಿಕ್‌ನ ವಾಲ್ಯೂಮ್, ಬೇಸ್‌ನ ಫಿಲ್ಟರ್, ಡಿಲೇ, ರಿವರ್ಬ್, ಎಲ್ಲ. ನಾನು ಎಂಟು ಪ್ಯಾಟರ್ನ್ ಕಾಪಿ ಮಾಡಿ, ಜೋಡಿಸಿ, ಸ್ಪೀಕರಿನಲ್ಲಿ ಕೇಳಿದಾಗ ಬೇಸ್ ಜಾಸ್ತಿ ಅನಿಸಿತು. ಎ05ರಲ್ಲಿ ಕಡಿಮೆ ಮಾಡಿದೆ. ಮುಂದಿನ ಪ್ಯಾಟರ್ನಿಗೆ ಹೋದ ಕೂಡಲೇ ಬೇಸ್ ಮತ್ತೆ ಗುಮ್ಮ್ ಅಂತ ಎದ್ದು ನಿಂತಿತು. ಎಂಟು ಕಡೆ ಎಂಟು ಸಲ ಸರಿ ಮಾಡಬೇಕಾಯಿತು. ಅದರಲ್ಲಿ ಒಂದನ್ನು ಮರೆತೆ ಅನ್ನುವುದು ರೆಕಾರ್ಡ್ ಮಾಡಿದ ಮೇಲೆ ಗೊತ್ತಾಯಿತು.

ಆದ್ದರಿಂದ ಎ05ನ್ನು ಹೆಡ್‌ಫೋನ್‌ನಲ್ಲೂ ಸ್ಪೀಕರ್‌ನಲ್ಲೂ ಕೇಳಿ. ಒಂದು ರಾತ್ರಿ ಬಿಡಿ. ಮರುದಿನ ಬೆಳಗ್ಗೆ ಕಾಫಿ ಹೊತ್ತಿಗೆ ಇನ್ನೊಂದು ಸಲ ಕೇಳಿ. ಕಿಕ್ ಮತ್ತು ಬೇಸ್ ಜಗಳ ಆಡುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಕಾಪಿ. ಗ್ರಿಡ್ ರೆಕಾರ್ಡಿಂಗ್ (ಸ್ಟೆಪ್ ಬಟನ್ ಒತ್ತಿ ಪೆಟ್ಟು ಹಾಕುವ ಮೋಡ್) ಆಫ್ ಇರಲಿ, ಇಲ್ಲದಿದ್ದರೆ ಇಡೀ ಪ್ಯಾಟರ್ನ್ ಬದಲು ಒಂದು ಟ್ರ್ಯಾಕ್ ಮಾತ್ರ ಕಾಪಿ ಆಗುತ್ತದೆ. ಫಂಕ್ಷನ್ ಬಟನ್ ಹಿಡಿದು ರೆಕಾರ್ಡ್ ಒತ್ತಿದರೆ ಕಾಪಿ. ಹೊಸ ಪ್ಯಾಟರ್ನಿಗೆ ಹೋಗಿ ಫಂಕ್ಷನ್ ಹಿಡಿದು ಸ್ಟಾಪ್ ಒತ್ತಿದರೆ ಪೇಸ್ಟ್. ಎ01ರಿಂದ ಎ08ರ ತನಕ ಎಲ್ಲ ಕಡೆ ಅದನ್ನೇ ತುಂಬಿ. ಈಗ ನಿಮ್ಮ ಹತ್ತಿರ ಒಂದೇ ರೀತಿಯ ಎಂಟು ಪ್ಯಾಟರ್ನ್ ಇವೆ.

ಇನ್ನು ತೆಗೆಯುವ ಕೆಲಸ

ಚಿಕ್ಕವಳಿದ್ದಾಗ ಯಕ್ಷಗಾನದ ಆಟ ನೋಡಲು ಹೋಗುತ್ತಿದ್ದೆವು. ಮಾವ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದರು. ಭಾಗವತರ ಪದಕ್ಕೆ ಮದ್ದಳೆ ಜೊತೆಗಿರುತ್ತಿತ್ತು. ಪಕ್ಕದಲ್ಲಿ ಚಂಡೆಯವರು ಎಷ್ಟೋ ಹೊತ್ತು ಕೋಲು ಹಿಡಿದು ಸುಮ್ಮನೆ ನಿಂತಿರುತ್ತಿದ್ದರು. ನನಗೆ ಅದು ವಿಚಿತ್ರ. ದುಡ್ಡು ಕೊಟ್ಟು ಕರೆಸಿದ್ದಾರೆ, ಬಾರಿಸಬಾರದಾ ಅಂತ. ರಾತ್ರಿ ಎರಡು ಗಂಟೆಗೆ ನಾವು ಮಕ್ಕಳೆಲ್ಲ ಚಾಪೆ ಮೇಲೆ ಅರ್ಧ ನಿದ್ದೆಯಲ್ಲಿರುವಾಗ ರಾಕ್ಷಸ ಪಾತ್ರ ಒಳಗೆ ಬರುತ್ತಿತ್ತು, ಚಂಡೆ ಬೀಳುತ್ತಿತ್ತು. ಎದೆ ಧಸಕ್ಕೆಂದು ಎದ್ದು ಕೂರುತ್ತಿದ್ದೆವು. ಅದೇ ಚಂಡೆ ರಾತ್ರಿ ಹತ್ತರಿಂದ ಬಿಡದೆ ಬಡಿದಿದ್ದರೆ ನಾವು ಅದರಲ್ಲೇ ಹಾಯಾಗಿ ನಿದ್ದೆ ಮಾಡುತ್ತಿದ್ದೆವು.

ಟ್ರ್ಯಾಕ್ ಜೋಡಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಇದೇ: ಈ ಎಂಟರಲ್ಲಿ ನನ್ನ ಚಂಡೆ ಯಾವುದು? ಈ ಹಾಡಿನಲ್ಲಿ ಅದು ಆರನೇ ಟ್ರ್ಯಾಕಿನ ಕಾರ್ಡ್. ಹಾಗಾಗಿ ಹದಿನಾರು ಮನೆ ಮುಗಿಯುವ ತನಕ, ಅಂದರೆ ಎರಡು ನಿಮಿಷ ಎಂಟು ಸೆಕೆಂಡ್ ತನಕ, ಅದು ಕೇಳಲೇಬಾರದು. ಎ01, ಎ02, ಎ03, ಎ04ರಲ್ಲಿ ಆರನೇ ಟ್ರ್ಯಾಕ್ ಬಂದ್. ಈ ಒಂದು ತೀರ್ಮಾನ ತೆಗೆದುಕೊಂಡರೆ ಅರ್ಧ ಕೆಲಸ ಆದಂತೆ. ಕಷ್ಟ ಏನೆಂದರೆ, ನಮಗೆ ಅತಿ ಇಷ್ಟವಾದ ಸದ್ದೇ ಅದಾಗಿರುತ್ತದೆ. ಬೇಗ ಕೇಳಿಸಬೇಕು ಅಂತ ಕೈ ತುರಿಸುತ್ತದೆ.

ತೆಗೆಯುವುದು ಅಂದರೆ ಅಳಿಸುವುದು ಬೇಡ, ಮ್ಯೂಟ್ ಸಾಕು. ಡಿಜಿಟಾಕ್ಟ್‌ನಲ್ಲಿ ಎರಡು ತರಹದ ಮ್ಯೂಟ್ ಇದೆ. ಹಸಿರು ದೀಪದ್ದು ಗ್ಲೋಬಲ್, ಎಲ್ಲ ಪ್ಯಾಟರ್ನಿಗೂ ಅನ್ವಯ. ನೇರಳೆ ದೀಪದ್ದು ಪ್ಯಾಟರ್ನ್ ಮ್ಯೂಟ್, ಆ ಪ್ಯಾಟರ್ನಿಗೆ ಮಾತ್ರ. ನಮಗೆ ಬೇಕಾದದ್ದು ನೇರಳೆ. ಇವೆರಡನ್ನು ಗೊಂದಲ ಮಾಡಿಕೊಂಡರೆ ಹಾಡಿನ ಮಧ್ಯೆ ಕಿಕ್ ಮಾಯವಾಗುತ್ತದೆ, ಯಾಕೆ ಅಂತ ತಿಳಿಯದೆ ಕೇಬಲ್ ಅಲ್ಲಾಡಿಸುತ್ತ ಕೂರುತ್ತೀರಿ. ನಾನು ಕೂತಿದ್ದೇನೆ.

ಎ01ರಲ್ಲಿ ಕಿಕ್, ಹ್ಯಾಟ್, ಮಳೆ ಮಾತ್ರ ಉಳಿಸಿದೆ. ಟೆಕ್ನೋ ಅನ್ನುವ ಈ ಬಗೆಯ ಡಾನ್ಸ್ ಸಂಗೀತದಲ್ಲಿ ಶುರುವಿನ ಅರ್ಧ ನಿಮಿಷ ಹೀಗೆ ಖಾಲಿ ಇಡುವುದು ವಾಡಿಕೆ, ಡಿಜೆಗೆ ಹಿಂದಿನ ಹಾಡಿನ ಜೊತೆ ಬೆರೆಸಲು ಜಾಗ ಸಿಗಲಿ ಅಂತ. ನನ್ನ ಹಾಡನ್ನು ಯಾವ ಡಿಜೆಯೂ ಇನ್ನೂ ನುಡಿಸಿಲ್ಲ, ಆದರೂ ಜಾಗ ಬಿಟ್ಟಿದ್ದೇನೆ. ಎ02ರಲ್ಲಿ ಬೇಸ್ ಬಂತು, ಆದರೆ ಫಿಲ್ಟರ್ ಮುಚ್ಚಿಕೊಂಡು, ಗೋಡೆಯ ಆಚೆ ಯಾರೋ ನುಡಿಸಿದ ಹಾಗೆ. ಕಟಾಫ್, ಅಂದರೆ ಫಿಲ್ಟರ್ ಎಷ್ಟು ತೆರೆದಿದೆ ಅನ್ನುವ ಅಂಕಿ, 40ರ ಆಸುಪಾಸು. ಕಾಯಿ ತುರಿಯುವ ಸದ್ದೂ ಇಲ್ಲೇ ಬಂತು. ಎ03ರಲ್ಲಿ ಕ್ಲ್ಯಾಪ್ ಮತ್ತು ಮದ್ದಳೆ ಸೇರಿದವು, ಬೇಸ್‌ನ ಕಟಾಫ್ 65. ಎ05ರಲ್ಲಿ 90, ಜೊತೆಗೆ ಕಾರ್ಡ್. ಪ್ಯಾಟರ್ನ್ ತನ್ನ ಸೆಟ್ಟಿಂಗ್ ತಾನೇ ಇಟ್ಟುಕೊಳ್ಳುವುದು ಆಗ ಶಾಪವಾಗಿತ್ತಲ್ವಾ, ಇಲ್ಲಿ ವರ. ಅದೇ ಬೇಸ್ ಮೂರು ಕಡೆ ಮೂರು ಬೆಳಕಿನಲ್ಲಿ ಕೇಳುತ್ತದೆ. ಡಿಲೇ, ರಿವರ್ಬ್‌ನ ಸೆಟ್ಟಿಂಗ್ ಮಾತ್ರ ಎಲ್ಲ ಕಡೆ ಒಂದೇ ಇರಲಿ. ಪ್ಯಾಟರ್ನ್ ಬದಲಾಗುವ ಕ್ಷಣದಲ್ಲಿ ರಿವರ್ಬ್‌ನ ಅಳತೆ ಬದಲಾದರೆ ಕೋಣೆಯೇ ಕುಸಿದ ಹಾಗೆ ಕೇಳಿಸುತ್ತದೆ.

ಎ06ರಲ್ಲಿ ಕಿಕ್, ಕ್ಲ್ಯಾಪ್, ಬೇಸ್ ಮೂರೂ ಇಲ್ಲ. ಕಾರ್ಡ್ ಉದ್ದವಾಯಿತು, ಮದ್ದಳೆ ದೂರ ಹೋಯಿತು. ಮಳೆ ಮಾತ್ರ ಇದ್ದಲ್ಲೇ ಇದೆ.

ಮಳೆಯ ಬಗ್ಗೆ ಒಂದು ಮಾತು. ಎ01ರಿಂದ ಎ08ರ ತನಕ ಎಲ್ಲ ಕಡೆ, ಒಂದೇ ವಾಲ್ಯೂಮ್‌ನಲ್ಲಿ ಇರುವುದು ಅದೊಂದೇ. ಯಾರೂ ಅದನ್ನು ಗಮನಿಸುವುದಿಲ್ಲ, ಆದರೆ ತೆಗೆದು ನೋಡಿ, ಹಾಡು ಎಂಟು ತುಂಡಾಗಿ ಬೀಳುತ್ತದೆ. ಕಛೇರಿಯಲ್ಲಿ ತಂಬೂರಿ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. 1982ರಲ್ಲಿ ಮುಂಬೈನ ಚರಣ್‌ಜಿತ್ ಸಿಂಗ್ ರೋಲ್ಯಾಂಡ್‌ನ ಟಿಆರ್-808 ಡ್ರಮ್ ಮಷೀನ್, ಟಿಬಿ-303 ಬೇಸ್ ಮಷೀನ್, ಜುಪಿಟರ್-8 ಸಿಂಥ್ ಇಟ್ಟುಕೊಂಡು ಡಿಸ್ಕೋ ಲಯದ ಮೇಲೆ ರಾಗಗಳನ್ನು ನುಡಿಸಿ ರೆಕಾರ್ಡ್ ಮಾಡಿದರು. ಷಿಕಾಗೋದವರು ಅದೇ 303ರಿಂದ ಆಸಿಡ್ ಹೌಸ್ ಅನ್ನುವ ಡಾನ್ಸ್ ಸಂಗೀತ ಮಾಡುವುದಕ್ಕೆ ಇನ್ನೂ ಕೆಲವು ವರ್ಷ ಇತ್ತು. ಆ ರೆಕಾರ್ಡ್ ಕೇಳಿದರೆ ಲಯ ಹೆಚ್ಚು ಬದಲಾಗುವುದೇ ಇಲ್ಲ, ಆದರೂ ಬೇಜಾರಾಗುವುದಿಲ್ಲ. ಕೆಳಗಿನದು ಗಟ್ಟಿಯಾಗಿ ನಿಂತಿರುವುದಕ್ಕೇ ಮೇಲಿನದು ಧೈರ್ಯವಾಗಿ ಓಡಾಡುತ್ತದೆ. ನಿಮ್ಮ ಟ್ರ್ಯಾಕಿನಲ್ಲೂ ಅಂಥದ್ದೊಂದನ್ನು ಆರಿಸಿಕೊಂಡು, ಅದನ್ನು ಮುಟ್ಟಬೇಡಿ.

ಕಾಗದದ ಮೇಲೆ ಕೊನೆಗೆ ನಿಂತ ಲೆಕ್ಕ ಇದು:

ಎ01 × 4, 0:00ರಿಂದ
ಎ02 × 4, 0:32ರಿಂದ
ಎ03 × 7, 1:04ರಿಂದ
ಎ04 × 1, 2:00ರಿಂದ
ಎ05 × 8, 2:08ರಿಂದ
ಎ06 × 3, 3:12ರಿಂದ
ಎ07 × 1, 3:36ರಿಂದ
ಎ05 × 8, 3:44ರಿಂದ
ಎ08 × 4, 4:48ರಿಂದ 5:20ರ ತನಕ

ಒಟ್ಟು ನಲವತ್ತು. ಇದರಲ್ಲಿ ಒಂದೇ ಸಲ ಬರುವ ಎರಡು ಪ್ಯಾಟರ್ನ್ ಇವೆ, ಎ04 ಮತ್ತು ಎ07. ಇಡೀ ಹಾಡಿನಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಈ ಎರಡರ ಮೇಲೆ. ಎರಡೂ ಸೇರಿ ಹದಿನಾರು ಸೆಕೆಂಡ್.

ಕೀಲುಗಳು

ಭಾಗದಿಂದ ಭಾಗಕ್ಕೆ ದಾಟುವ ಜಾಗವನ್ನು ನಾನು ಕೀಲು ಅನ್ನುತ್ತೇನೆ. ಬರೀ ಪ್ಯಾಟರ್ನ್ ಬದಲಾದರೆ ಕೇಳುವವರಿಗೆ ಯಾರೋ ಸ್ವಿಚ್ ಒತ್ತಿದ ಹಾಗೆ ಅನಿಸುತ್ತದೆ. ಬದಲಾವಣೆ ಬರುತ್ತಿದೆ ಅಂತ ಎರಡು ಸೆಕೆಂಡ್ ಮೊದಲೇ ಕಿವಿಗೆ ಸುಳಿವು ಸಿಗಬೇಕು. ಎಲ್ಲರೂ ಹಾಕುವುದು ಸ್ನೇರ್ ರೋಲ್, ಇಲ್ಲವೇ ಬುಸ್ ಅಂತ ಏರುವ ನಾಯ್ಸ್. ಕೇಳಿ ಕೇಳಿ ನನಗೆ ಸಾಕಾಗಿದೆ. ನಮ್ಮ ಕಡೆ ಇದಕ್ಕೆ ಒಳ್ಳೆಯ ಉಪಾಯ ಇದೆ, ಮೃದಂಗದವರು ದಿನಾ ಮಾಡುವುದು: ಒಂದೇ ಸೊಲ್ಲನ್ನು ಮೂರು ಸಲ ಹೇಳಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಬೀಳುವುದು.

ಲೆಕ್ಕ ನೋಡಿ. ತ ದಿ ಗಿ ಣ ತೋಂ, ಐದು ಅಕ್ಷರ. ಮೂರು ಸಲ ಅಂದರೆ ಹದಿನೈದು. ಒಂದು ಬಾರ್ ಅಂದರೆ ಹದಿನಾರು ಸ್ಟೆಪ್. ಒಂದು ಸ್ಟೆಪ್ ಬಿಟ್ಟು ಶುರು ಮಾಡಿದರೆ ಹದಿನೈದೂ ಸರಿಯಾಗಿ ಹಿಡಿಸುತ್ತದೆ. ಎ04ರಲ್ಲಿ ನಾಲ್ಕನೇ ಬಾರ್ 49ನೇ ಸ್ಟೆಪ್‌ನಿಂದ ಶುರು. 49ನ್ನು ಖಾಲಿ ಬಿಡಿ. ಮೊದಲ ಸೊಲ್ಲು 50ರಿಂದ 54. ಎರಡನೆಯದು 55ರಿಂದ 59. ಮೂರನೆಯದು 60ರಿಂದ 64. ಮುಗಿದ ಮರುಕ್ಷಣ ಎ05ರ ಮೊದಲ ಸ್ಟೆಪ್, ಸಮ. ಅಲ್ಲಿ ಕಿಕ್ಕೂ ಕಾರ್ಡೂ ಒಟ್ಟಿಗೆ ಬೀಳುತ್ತವೆ. ಈ ಕೊನೆಯ ಬಾರ್‌ನಲ್ಲಿ ಕಿಕ್, ಬೇಸ್, ಬೇರೆ ಯಾವ ಪೆಟ್ಟೂ ಇರಬಾರದು, ಅವುಗಳ ಟ್ರಿಗ್‌ಗಳನ್ನು (ಸ್ಟೆಪ್‌ಗೆ ಹಾಕಿದ ಪೆಟ್ಟುಗಳನ್ನು) 49ರಿಂದ 64ರ ತನಕ ತೆಗೆಯಿರಿ. ಮದ್ದಳೆ ಒಂದೇ ಇರಲಿ, ಹಿಂದೆ ಮಳೆ. ಐದರ ಗುಂಪು ನಾಲ್ಕರ ಲಯದ ಮೇಲೆ ಜಾರುತ್ತಾ ಹೋಗುವಾಗ ಕೇಳುವವರಿಗೆ ಒಂದು ಕ್ಷಣ ತಾಳ ತಪ್ಪಿತೇನೋ ಅನಿಸುತ್ತದೆ. ಆಮೇಲೆ ಸಮ ಸಿಗುತ್ತದೆ. ಈ ಜಾರು ಇರುವುದರಿಂದಲೇ ಇದು ಸ್ನೇರ್ ರೋಲ್‌ಗಿಂತ ಮೇಲು ಅನ್ನುತ್ತೇನೆ.

ಮದ್ದಳೆಯ ಹದ ಬರಬೇಕಾದರೆ ಎಲ್ಲ ಪೆಟ್ಟೂ ಒಂದೇ ಜೋರಾಗಿ ಇರಬಾರದು. ಪ್ರತಿ ಸೊಲ್ಲಿನ "ತ" ಮತ್ತು "ತೋಂ" ಜೋರು, ಮಧ್ಯದ ಮೂರು ಮೆಲ್ಲಗೆ. ಸ್ಟೆಪ್ ಬಟನ್ ಹಿಡಿದು ನಾಬ್ ತಿರುಗಿಸಿದರೆ ಆ ಸ್ಟೆಪ್‌ಗೆ ಮಾತ್ರ ವೆಲಾಸಿಟಿ (ಪೆಟ್ಟಿನ ಜೋರು) ಬದಲಾಗುತ್ತದೆ. ಇದಕ್ಕೆ ಪ್ಯಾರಾಮೀಟರ್ ಲಾಕ್ ಅನ್ನುತ್ತಾರೆ. "ತೋಂ"ಗೆ ಸ್ಯಾಂಪಲ್ಲನ್ನೇ ಹೀಗೆ ಲಾಕ್ ಮಾಡಿ ಬೇರೆ ಪೆಟ್ಟು ಹಾಕಿದೆ. ಒಂದೇ ಟ್ರ್ಯಾಕ್‌ನಲ್ಲಿ ಎರಡೂ ಬಂತು.

ಎ07 ಇದರ ಉಲ್ಟಾ. ಅಲ್ಲಿ ಸೇರಿಸುವುದಕ್ಕೆ ಏನೂ ಇಲ್ಲ. ಮೂರು ಬಾರ್ ಎ06ರ ಹಾಗೆಯೇ ಹೋಗಿ, ನಾಲ್ಕನೇ ಬಾರ್‌ನಲ್ಲಿ ಮಳೆ ಬಿಟ್ಟು ಎಲ್ಲ ನಿಲ್ಲುತ್ತದೆ. ಎರಡು ಸೆಕೆಂಡ್ ಬರೀ ಮಳೆ. ಆಮೇಲೆ ಎ05. ನಾನು ಇಲ್ಲಿ ಮೊದಲು ಏನೇನೋ ಹಾಕಿದ್ದೆ, ಒಂದೊಂದಾಗಿ ತೆಗೆಯುತ್ತಾ ಬಂದು ಕೊನೆಗೆ ಇದು ಉಳಿಯಿತು.

ಒಳಗಿನ ಓಡಾಟ

ಎ05 ಎಂಟು ಸುತ್ತು ಬರುತ್ತದೆ, ಒಂದು ನಿಮಿಷ ನಾಲ್ಕು ಸೆಕೆಂಡ್. ಎಂಟೂ ಸುತ್ತು ಒಂದೇ ರೀತಿ ಇದ್ದರೆ ಆಂಟಿ ಮತ್ತೆ ಮೇಲೆ ಬರುತ್ತಾರೆ. ಇದಕ್ಕೆ ಹೊಸ ಪ್ಯಾಟರ್ನ್ ಮಾಡಬೇಕಿಲ್ಲ, ಟ್ರಿಗ್ ಕಂಡಿಶನ್ ಸಾಕು. ಯಾವುದೇ ಸ್ಟೆಪ್‌ಗೆ ಒಂದು ಷರತ್ತು ಕಟ್ಟಬಹುದು. 1:4 ಅಂದರೆ ನಾಲ್ಕು ಸುತ್ತಿನಲ್ಲಿ ಮೊದಲನೆಯದರಲ್ಲಿ ಮಾತ್ರ. 8:8 ಅಂದರೆ ಎಂಟರಲ್ಲಿ ಕೊನೆಯದರಲ್ಲಿ ಮಾತ್ರ. ಫಸ್ಟ್ ಅನ್ನುವ ಷರತ್ತು ಕಟ್ಟಿದರೆ ಪ್ಯಾಟರ್ನ್ ಮೊದಲ ಸಲ ಬಂದಾಗ ಮಾತ್ರ.

ನನ್ನ ಎ05ರಲ್ಲಿ ಕ್ಲ್ಯಾಪ್‌ಗೆ 62ನೇ ಸ್ಟೆಪ್‌ನಲ್ಲಿ ಒಂದು ಹೆಚ್ಚಿನ ಪೆಟ್ಟು ಇದೆ, 2:2. ಕಾರ್ಡ್‌ಗೆ 40ರಲ್ಲಿ ಒಂದು ಮೇಲಿನ ಸ್ವರ, 4:4. ಮದ್ದಳೆಗೆ ಅಲ್ಲಲ್ಲಿ 30% ಸಾಧ್ಯತೆಯ ಸಣ್ಣ ಪೆಟ್ಟುಗಳು. ಮೊದಲ ಸ್ಟೆಪ್‌ನಲ್ಲಿ ಒಂದು ದೊಡ್ಡ ಸಿಂಬಲ್ ಬೇಕಿತ್ತು, ಆದರೆ ಎಂಟು ಸೆಕೆಂಡಿಗೊಮ್ಮೆ ಬಂದರೆ ತಲೆನೋವು. ಅದನ್ನು ಕಾಯಿ ತುರಿಯುವ ಟ್ರ್ಯಾಕ್‌ನಲ್ಲೇ ಸ್ಯಾಂಪಲ್ ಲಾಕ್ ಮಾಡಿ ಫಸ್ಟ್ ಷರತ್ತು ಕಟ್ಟಿದೆ. ಭಾಗ ಶುರುವಾದಾಗ ಒಂದು ಸಲ ಬಂದು ಹೋಗುತ್ತದೆ. ಹಾಗಿದ್ದರೆ ಎ04ರ ಸೊಲ್ಲನ್ನೂ ಎ03ರಲ್ಲೇ 8:8 ಹಾಕಿ ಮಾಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಮದ್ದಳೆಯನ್ನು ಸೇರಿಸಬಹುದಿತ್ತು. ಕಿಕ್ಕನ್ನು ಎಂಟನೇ ಸುತ್ತಿನಲ್ಲಿ ಮಾತ್ರ ತೆಗೆಯುವುದಕ್ಕೆ ಪ್ರತ್ಯೇಕ ಪ್ಯಾಟರ್ನೇ ಸುಲಭ. 128 ಪ್ಯಾಟರ್ನ್ ಇವೆ, ಜಿಪುಣತನ ಯಾಕೆ?

ಇನ್ನೊಂದು ಉಪಾಯ ಟ್ರ್ಯಾಕ್‌ಗಳ ಉದ್ದ. ಎಲ್ಲ ಟ್ರ್ಯಾಕೂ 64 ಇರಬೇಕಿಲ್ಲ. ಎ03 ಮತ್ತು ಎ05ರಲ್ಲಿ ಮದ್ದಳೆ 12 ಸ್ಟೆಪ್ ಮಾತ್ರ. ಹದಿನಾರರ ಕಿಕ್ ಮೇಲೆ ಹನ್ನೆರಡರ ಮದ್ದಳೆ ಸುತ್ತುವಾಗ ಬಾರ್‌ನಿಂದ ಬಾರ್‌ಗೆ ಬೇರೆ ಜಾಗದಲ್ಲಿ ಬೀಳುತ್ತದೆ, ನಾಲ್ಕನೇ ಬಾರ್‌ಗೆ ಮೊದಲಿನ ಜಾಗಕ್ಕೆ ವಾಪಸ್. ಮಾಸ್ಟರ್ ಲೆಂಗ್ತ್ (ಇಡೀ ಪ್ಯಾಟರ್ನಿನ ಉದ್ದ) 64 ಇಡಿ, ಆಗ 64 ಆದ ಕೂಡಲೇ ಎಲ್ಲ ಟ್ರ್ಯಾಕೂ ಮೊದಲಿಗೆ ಬರುತ್ತವೆ. ಐದು ಸುತ್ತಿಗೆ ಅರವತ್ತು, ಆರನೇ ಸುತ್ತು ನಾಲ್ಕೇ ಸ್ಟೆಪ್‌ಗೆ ತುಂಡಾಗುತ್ತದೆ. ಆ ತುಂಡೇ ನನಗೆ ಇಷ್ಟವಾಯಿತು. ಆದರೆ ಎ04ರಲ್ಲಿ ಮದ್ದಳೆಯ ಉದ್ದವನ್ನು 64ಕ್ಕೆ ವಾಪಸ್ ತರಲು ಮರೆಯಬೇಡಿ, ಇಲ್ಲದಿದ್ದರೆ 50ನೇ ಸ್ಟೆಪ್ ಅನ್ನುವುದೇ ಇರುವುದಿಲ್ಲ.

ತುಂಬ ನಿಧಾನದ ಬದಲಾವಣೆಗೆ ಎಲ್‌ಎಫ್‌ಒ ಇದೆ, ಒಂದು ಸೆಟ್ಟಿಂಗನ್ನು ತಾನೇ ಆಚೀಚೆ ತಿರುಗಿಸುತ್ತಿರುವಂಥದ್ದು. ಅದರ ಸ್ಪೀಡ್ ಮತ್ತು ಮಲ್ಟಿಪ್ಲೈಯರ್ ಗುಣಿಸಿದಾಗ 128 ಬಂದರೆ ಒಂದು ಬಾರ್‌ಗೆ ಒಂದು ಸುತ್ತು. ಎಂಟು ಬಂದರೆ ಹದಿನಾರು ಬಾರ್‌ಗೆ ಒಂದು ಸುತ್ತು, ನಮ್ಮ ಟೆಂಪೋದಲ್ಲಿ 32 ಸೆಕೆಂಡ್. ಹ್ಯಾಟ್‌ನ ಡಿಕೇಗೆ, ಅಂದರೆ ಸದ್ದು ಆರುವ ಹೊತ್ತಿಗೆ, ಇದನ್ನು ಸ್ವಲ್ಪವೇ ಕಟ್ಟಿ. ಯಾರಿಗೂ ಕೇಳಿಸಬಾರದು.

ಸಾಂಗ್ ಮೋಡ್, ಮತ್ತು ಕೈ

2017ರಲ್ಲಿ ಈ ಪೆಟ್ಟಿಗೆ ಬಂದಾಗ ಸಾಂಗ್ ಮೋಡ್ ಇರಲೇ ಇಲ್ಲ. ಪ್ಯಾಟರ್ನ್‌ಗಳನ್ನು ಸರಪಳಿ ಮಾಡಿಯೋ ಕೈಯಲ್ಲಿ ಒತ್ತಿಯೋ ನಡೆಸಬೇಕಿತ್ತು. ಆಮೇಲೆ ಅಪ್‌ಡೇಟ್‌ನಲ್ಲಿ ಬಂತು. ಈಗ ಸಾಲು ಸಾಲಾಗಿ ಯಾವ ಪ್ಯಾಟರ್ನ್, ಎಷ್ಟು ಸಲ ಅಂತ ಬರೆದಿಟ್ಟರೆ ಅದೇ ನಡೆಸುತ್ತದೆ. ಮೇಲಿನ ಒಂಬತ್ತು ಸಾಲನ್ನು ಹಾಗೇ ತುಂಬಿ. ಸಾಲಿಗೊಂದು ಮ್ಯೂಟ್ ಹಾಕುವ ಸೌಲಭ್ಯವೂ ಇದೆ, ಬರೀ ಮ್ಯೂಟ್‌ನಲ್ಲೇ ಕೆಲಸ ಆಗುವ ಸರಳ ಹಾಡಿಗೆ ಒಂದೇ ಪ್ಯಾಟರ್ನ್ ಸಾಕಾಗಬಹುದು. ನನಗೆ ಫಿಲ್ಟರ್ ಬೇರೆ ಬೇರೆ ಬೇಕಿತ್ತು, ಹಾಗಾಗಿ ಕಾಪಿಗಳು.

ಪೂರ್ತಿ ಸಾಂಗ್ ಮೋಡ್‌ಗೇ ಬಿಟ್ಟರೆ ಹಾಡು ಸ್ವಲ್ಪ ಒಣಗಿದ ಹಾಗಿರುತ್ತದೆ. ಪೂರ್ತಿ ಕೈಯಲ್ಲೇ ಮಾಡಿದರೆ ನಾನು ಎಲ್ಲೋ ಒಂದು ಸುತ್ತು ಜಾಸ್ತಿ ಬಿಡುತ್ತೇನೆ. ಆದ್ದರಿಂದ ಪ್ಯಾಟರ್ನ್ ಬದಲಿಸುವ ಕೆಲಸ ಪೆಟ್ಟಿಗೆಗೆ, ನಾಬ್ ತಿರುಗಿಸುವ ಕೆಲಸ ನನಗೆ. ಅದು ಒಂದೊಂದೇ ಸಾಲು ದಾಟುತ್ತಿರುವಾಗ ನಾನು ಬೇಸ್‌ನ ಫಿಲ್ಟರ್ ಒಂದನ್ನೇ ಹಿಡಿದಿರುತ್ತೇನೆ. ಒಂದು ಟೇಕ್‌ನಲ್ಲಿ ಒಂದೇ ನಾಬ್. ಎರಡು ಕೈ ಇದೆ ಅಂತ ಎರಡು ನಾಬ್ ಹಿಡಿಯಲು ಹೋಗಿ ಎರಡೂ ಹಾಳಾಗಿವೆ.

ಕೈಯಲ್ಲಿ ಮಾಡುವ ಇನ್ನೊಂದು ಮಜಾ ಇದೆ. ಟ್ರ್ಯಾಕ್ ಬಟನ್ ಹಿಡಿದು ಯಾವುದಾದರೂ ನಾಬ್ ತಿರುಗಿಸಿದರೆ ಎಂಟೂ ಆಡಿಯೋ ಟ್ರ್ಯಾಕ್‌ನಲ್ಲಿ ಅದು ಒಟ್ಟಿಗೆ ಬದಲಾಗುತ್ತದೆ. ಡಿಲೇ ಏರಿಸುತ್ತಾ ಹೋಗಿ ಎಲ್ಲ ಕಲಸಿಹೋದ ಮೇಲೆ ಫಂಕ್ಷನ್ ಹಿಡಿದು ನೋ ಒತ್ತಿದರೆ ಪ್ಯಾಟರ್ನ್ ಒಮ್ಮೆಲೇ ಮೊದಲಿನ ಸ್ಥಿತಿಗೆ ಬರುತ್ತದೆ. ಸರಿಯಾಗಿ ಸಮಕ್ಕೆ ಒತ್ತಿದರೆ ಚಪ್ಪಾಳೆ ಗ್ಯಾರಂಟಿ. ಆದರೆ ಅದಕ್ಕೂ ಮೊದಲು ಫಂಕ್ಷನ್ ಹಿಡಿದು ಯೆಸ್ ಒತ್ತಿ ಆ ಪ್ಯಾಟರ್ನನ್ನು ತಾತ್ಕಾಲಿಕವಾಗಿ ಸೇವ್ ಮಾಡಿರಲೇಬೇಕು. ನೋ ಒತ್ತಿದಾಗ ಅದು ಹೋಗುವುದು ಕೊನೆಯ ಸಲ ಸೇವ್ ಆದ ಜಾಗಕ್ಕೆ. ನಾನು ಒಂದು ಸಲ ಯೆಸ್ ಮರೆತು ನೋ ಒತ್ತಿದೆ. ಅರ್ಧ ಗಂಟೆ ಕೂತು ಹಾಕಿದ ಷರತ್ತುಗಳೆಲ್ಲ ಹೋದವು. ಈಗ ಅಡುಗೆಮನೆಯ ಚೀಟಿಯಲ್ಲಿ "ಮೊದಲು ಯೆಸ್" ಅಂತ ಬರೆದು ಪೆಟ್ಟಿಗೆ ಪಕ್ಕದಲ್ಲಿ ಅಂಟಿಸಿದ್ದೇನೆ.

ರೆಕಾರ್ಡಿಂಗ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಎಡ ಬಲ ಎರಡು ಔಟ್‌ಪುಟ್ ಒಂದು ಸಣ್ಣ ರೆಕಾರ್ಡರ್‌ಗೆ, ಲೆವೆಲ್ ಕೆಂಪಿಗೆ ಮುಟ್ಟದ ಹಾಗೆ. ಮೂರು ಟೇಕ್ ತೆಗೆದುಕೊಳ್ಳಿ, ಅಷ್ಟೇ. ನನಗೆ ನಾಲ್ಕನೆಯದು ಒಂದು ಸಲವೂ ಮೂರನೆಯದಕ್ಕಿಂತ ಚೆನ್ನಾಗಿ ಬಂದಿಲ್ಲ.

ಆಮೇಲೆ ಅದನ್ನು ಫೋನಿಗೆ ಹಾಕಿಕೊಂಡು ಮೆಟ್ರೋದಲ್ಲಿ ಆಫೀಸಿಗೆ ಹೋಗುವಾಗ ಕೇಳಿ. ಪೆಟ್ಟಿಗೆ ಕಣ್ಣ ಮುಂದೆ ಇರಬಾರದು, ಬಟನ್ ಕೈಗೆ ಸಿಗಬಾರದು. ಎಲ್ಲಿ ಗಮನ ಕಿಟಕಿಯ ಆಚೆ ಹೋಯಿತೋ, ಎಲ್ಲಿ ಮೆಸೇಜ್ ನೋಡೋಣ ಅನಿಸಿತೋ, ಆ ಸಮಯ ಗುರುತು ಹಾಕಿಕೊಳ್ಳಿ. ನನಗೆ ಎರಡು ಬೆಳಗ್ಗೆಯೂ 1:45ರ ಹತ್ತಿರ ಹಾಗಾಯಿತು. ಕ್ಯಾಲೆಂಡರ್ ಹಾಳೆ ತೆಗೆದು ನೋಡಿದರೆ ಅದು ಎ03ರ ಆರನೇ ಸುತ್ತು. ಅಲ್ಲಿಗೆ ಹೊಸ ಸದ್ದು ಸೇರಿಸಬೇಕು ಅಂತ ಮೊದಲು ಅನಿಸಿತು. ಸೇರಿಸಲಿಲ್ಲ. ಏಳು ಸುತ್ತನ್ನು ಐದು ಮಾಡಿದೆ, ಹಾಡು 5:04ಕ್ಕೆ ಇಳಿಯಿತು, ಕಾರ್ಡ್ ಹದಿನಾರು ಸೆಕೆಂಡ್ ಮೊದಲೇ ಬಂತು. ಎ08ರ ನಾಲ್ಕು ಸುತ್ತೂ ಉದ್ದವಾಯಿತೇನೋ ಅಂತ ಒಂದು ಅನುಮಾನ ಇದೆ. ಅಷ್ಟರಲ್ಲಿ ನನ್ನ ಸ್ಟೇಷನ್ ಬಂದುಬಿಡುತ್ತದೆ, ಕೊನೆಯ ತನಕ ಇನ್ನೂ ಸರಿಯಾಗಿ ಕೇಳಿಲ್ಲ.